ಅಟ್ಟದ ಮೇಲಿನ ಕೊಳದಪ್ಪಲೆ



ಹೋದ ತಿಂಗಳು ತವರಿನ ಹಳೆಯ ಮನೆ ಖಾಲಿ ಮಾಡುವ ಕೆಲಸ ಬಿತ್ತು. ಅಪ್ಪ ಹೋಗಿ ಎರಡು ವರ್ಷ. ಅಷ್ಟು ದೊಡ್ಡ ಹೆಂಚಿನ ಮನೆಯಲ್ಲಿ ಅಮ್ಮ ಒಬ್ಬಳೇ ಇರುವುದು ಬೇಡ, ತಮ್ಮನ ಮನೆಗೆ ಹೋಗಿಬಿಡಲಿ ಎಂದು ನಿಶ್ಚಯವಾಗಿತ್ತು. ತಮ್ಮನದು ಪೇಟೆಯ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಂತು ಮಾತಾಡಬೇಕು. ಅಂಥ ಕಡೆಗೆ ಅಟ್ಟದ ಸಾಮಾನನ್ನೆಲ್ಲ ಸಾಗಿಸುವ ಮಾತೇ ಇರಲಿಲ್ಲ.

ತಮ್ಮ ಏಣಿ ಹತ್ತಿ ಒಂದೊಂದಾಗಿ ಇಳಿಸಿಕೊಟ್ಟ. ನಾನೂ ನಾದಿನಿಯೂ ಕೆಳಗೆ ನಿಂತು ಹಿಡಿದುಕೊಂಡೆವು. ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಡ, ಸೊಟ್ಟಗಾದ ಪರಾತ, ಹಿಡಿ ಹೋದ ಜಾಲರಿ ಸೌಟು, ಮುಚ್ಚಳವಿಲ್ಲದ ನೀರಿನ ಗುಡಾಣ, ಕೊನೆಗೆ ಒಂದು ಕೊಳದಪ್ಪಲೆ. ಎಲ್ಲಕ್ಕೂ ಜೇಡರ ಬಲೆ, ಒಳಗೆ ಇಲಿ ಹಿಕ್ಕೆ. ಕೊಳದಪ್ಪಲೆಯನ್ನು ಸೆರಗಿನಿಂದ ಒರೆಸಿ ನೋಡಿದರೆ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಅದು ನಮ್ಮಜ್ಜಿಯ ಹೆಸರು. ಹೆಸರಿನ ಮುಂದೆ 1949 ಎಂಬ ಇಸವಿ. ಅದರ ಪಕ್ಕದಲ್ಲಿ, ಯಾರೋ ಮೊಳೆಯಿಂದ ಗೀಚಿದ ಹಾಗೆ, 17 ಎಂಬ ಇನ್ನೊಂದು ಅಂಕಿ.

"ಇದೆಂಥದಮ್ಮ ಹದಿನೇಳು?" ಎಂದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೂತಳೇ ಹೊರತು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ತಮ್ಮ, "ಗುಜರಿಯವರಿಗೆ ಫೋನ್ ಮಾಡಿದೀನಿ, ನಾಳೆ ತಕ್ಕಡಿ ತರ್ತಾರೆ. ಹಿತ್ತಾಳೆಗೆ ಈಗ ಒಳ್ಳೇ ರೇಟಿದೆಯಂತೆ, ಲಾರಿ ಬಾಡಿಗೆ ಅದರಲ್ಲೇ ಆಗೋಗತ್ತೆ" ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ನೋಡಿ. ಅದಕ್ಕೇ ಈ ಸಲ ಅಡುಗೆಯ ಮಾತು ಬಿಟ್ಟು, ಅಡುಗೆ ಮಾಡುವ ಪಾತ್ರೆಯ ಮಾತು ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯರ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಿತ್ತಾಳೆ ತುಂಬಿ ತುಳುಕುತ್ತಿತ್ತು ಎಂದು ತಿಳಿಯಬೇಡಿ. ಬಡವರ ಮನೆಯಲ್ಲಿ ಮಡಕೆ ಕುಡಿಕೆಯೇ ಗತಿ. ಸಾರಿಗೊಂದು, ಮುದ್ದೆಗೊಂದು, ಮೊಸರಿಗೊಂದು ಮಡಕೆ, ಒಡೆದರೆ ಸಂತೆಯಲ್ಲಿ ಇನ್ನೊಂದು. ಹುಳಿ ಪದಾರ್ಥಕ್ಕೆ ಕಲ್ಲುಮರಿಗೆ, ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಇರುತ್ತಿದ್ದವು. ಹಿತ್ತಾಳೆ, ತಾಮ್ರ, ಕಂಚು ಎಂದರೆ ಅದು ಆಸ್ತಿ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಮೂರಕ್ಕೂ ಮೂಲ ತಾಮ್ರವೇ ಆದ್ದರಿಂದ ಮೂರೂ ಬೆಲೆಯುಳ್ಳವು. ನಮ್ಮ ಹಾಸನದ ಕಡೆಯವರಿಗೆ ಶ್ರವಣಬೆಳಗೊಳ ಎಂದರೆ ಬಾಹುಬಲಿ ಸ್ವಾಮಿ ಮಾತ್ರವಲ್ಲ, ಒಂದು ಕಾಲಕ್ಕೆ ಹಿತ್ತಾಳೆ ತಾಮ್ರದ ಪಾತ್ರೆಯ ವ್ಯಾಪಾರಕ್ಕೂ ಅದು ಹೆಸರಾದ ಊರು. ಅಜ್ಜಿಯ ಮದುವೆಗೆ ಅವಳ ತಾಯಿ ಅಲ್ಲಿಂದಲೇ ಪಾತ್ರೆ ತರಿಸಿದ್ದಂತೆ.

ಪಾತ್ರೆ ಕೊಂಡ ಮೇಲೆ ಹೆಸರು ಹಾಕಿಸಬೇಕು. ನನ್ನ ಬಾಲ್ಯದಲ್ಲೂ ಇದನ್ನು ಕಂಡಿದ್ದೇನೆ. ಅಂಗಡಿಯ ಮೂಲೆಯಲ್ಲಿ ಒಬ್ಬಾತ ಕಾಲ ಮೇಲೆ ಪಾತ್ರೆ ಇಟ್ಟುಕೊಂಡು, ಸಣ್ಣ ಉಳಿಯ ಮೇಲೆ ಟಕ್ ಟಕ್ ಎಂದು ಹೊಡೆಯುತ್ತ ಅಕ್ಷರ ಮೂಡಿಸುತ್ತಿದ್ದ. ಕಾಗುಣಿತ ತಪ್ಪಿದರೆ ಜನ್ಮವಿಡೀ ತಪ್ಪೇ! ನಮ್ಮತ್ತೆಯವರ ಚೊಂಬಿನ ಮೇಲೆ ಅವರ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿದೆ, ಕೊನೆಯವರೆಗೂ ಅವರಿಗೆ ಅದರದೇ ಕೊರಗು.

ಮದುವೆ ಮುಂಜಿಗಳಲ್ಲಿ ಅಕ್ಕಪಕ್ಕದವರ ಪಾತ್ರೆ ಬೆರೆತುಹೋಗುತ್ತವೆ, ಗುರುತಿಗೆ ಹೆಸರು ಎಂದು ನಾನು ತಿಳಿದಿದ್ದೆ. ಅದೂ ಹೌದು. ಆದರೆ ಸ್ವಲ್ಪ ಯೋಚಿಸಿ. ಆಗಿನ ಕಾಲದಲ್ಲಿ ಹೆಂಗಸಿನ ಹೆಸರು ಬರೆದಿರುತ್ತಿದ್ದ ವಸ್ತು ಇನ್ನಾವುದು? ಮನೆ ಗಂಡಸಿನ ಹೆಸರಲ್ಲಿ, ಹೊಲ ಗಂಡಸಿನ ಹೆಸರಲ್ಲಿ. ಲಗ್ನಪತ್ರಿಕೆಯಲ್ಲಿ ಒಮ್ಮೆ ಅಚ್ಚಾದರೆ ಆಯಿತು, ಆಮೇಲೆ ಇಂಥವರ ಹೆಂಡತಿ, ಇಂಥವರ ತಾಯಿ. ನಮ್ಮಜ್ಜಿಯ ಹೆಸರನ್ನು ಯಾರಾದರೂ ಕೂಗಿ ಕರೆದದ್ದನ್ನೂ ನಾನು ಕೇಳಿಲ್ಲ. ಆ ಕೊಳದಪ್ಪಲೆಯ ಮೇಲೆ ಮಾತ್ರ ಪೂರ್ತಿ ಹೆಸರಿದೆ. ತವರಿನಿಂದ ಬಂದದ್ದು ಸ್ತ್ರೀಧನ, ಅದು ಹೆಣ್ಣಿನ ಸ್ವಂತದ್ದು ಎಂಬುದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತೇ. ಪಾತ್ರೆಯ ಮೇಲಿನ ಹೆಸರು ಅದಕ್ಕೆ ರುಜುವಾತು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗದ ರಿಜಿಸ್ಟ್ರಿ.

ಈಗಿನ ಕಾನೂನಿನಲ್ಲಿ ಇದಕ್ಕೆ ಬೇರೆ ದಾರಿಯಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮದಂತೆ, ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದು, ಯಾರು ಕೊಟ್ಟರು, ಅಂದಾಜು ಬೆಲೆಯೆಷ್ಟು ಎಂದು ನಮೂದಿಸಿ, ವಧೂವರರಿಬ್ಬರೂ ಸಹಿ ಹಾಕಬೇಕು. ಅದೇ 1985ರಲ್ಲಿ ಪ್ರತಿಭಾ ರಾಣಿ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಗಂಡನ ಮನೆಯವರ ವಶದಲ್ಲಿದ್ದರೂ ಅದು ಹೆಣ್ಣಿನದೇ, ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಹೇಳಿತು. ಮಗಳ ಮದುವೆ ಮಾಡುವವರು ಈ ಪಟ್ಟಿಯನ್ನು ಮರೆಯಬೇಡಿ. ಛತ್ರದ ಗಲಾಟೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ಆಮೇಲೆ ನೆನಪಾಗಿ ಪ್ರಯೋಜನವಿಲ್ಲ.

ಸರಿ, ಹದಿನೇಳರ ಮಾತಿಗೆ ಬರೋಣ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಅಮ್ಮನೇ ಬಾಯಿ ಬಿಟ್ಟಳು. ಅದು ಸಾಹುಕಾರರ ಮನೆಯ ನಂಬರು. ಒತ್ತೆ ಇಟ್ಟ ಪಾತ್ರೆಗಳು ಬೆರೆಯಬಾರದೆಂದು ಅವರು ಗೀಚುತ್ತಿದ್ದ ಗುರುತು. 1973ರಲ್ಲಿ ಅಮ್ಮ ಎಸ್ಸೆಸ್ಸೆಲ್ಸಿ. ಪರೀಕ್ಷೆಯ ಫೀಸು ಕಟ್ಟುವ ಹೊತ್ತಿಗೆ ಅಜ್ಜನ ಕೈಯಲ್ಲಿ ದುಡ್ಡಿಲ್ಲ. ಇದ್ದಿದ್ದರೂ, ಹೆಣ್ಣುಹುಡುಗಿಗೆ ಇಷ್ಟು ಓದಿದ್ದು ಸಾಲದೇ ಎಂಬ ಮಾತು ಅವರದು. ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕೊಳದಪ್ಪಲೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಸೊಂಟದ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೋದಳು. ಫೀಸಿಗೆ ಬೇಕಾದಷ್ಟು ತಂದಳು. ಬಿಡಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು, ಹಾಲು ಮಾರಿ ಬಿಡಿಸಿದ್ದು. ಅಷ್ಟು ದಿನವೂ ಹಬ್ಬಕ್ಕೆ ಪಕ್ಕದ ಮನೆಯ ತಪ್ಪಲೆ ಎರವಲು.

"ನಿಮ್ಮಜ್ಜ ಒಂದು ಸಲವೂ ಕೇಳಲಿಲ್ಲ, ಕೊಳದಪ್ಪಲೆ ಎಲ್ಲಿ ಅಂತ" ಎಂದಳು ಅಮ್ಮ. "ಗೊತ್ತಿತ್ತೋ, ಗೊತ್ತಿರಲಿಲ್ಲವೋ. ಅವಳದ್ದು, ಅವಳಿಟ್ಟಳು."

ಚಿನ್ನವನ್ನು ಒತ್ತೆ ಇಟ್ಟರೆ ಊರಿಗೆಲ್ಲ ತಿಳಿಯುತ್ತದೆ, ಬರಿಗೊರಳು ಕಾಣುತ್ತದೆ. ಪಾತ್ರೆಯಾದರೆ ಒಳಮನೆಯ ವಿಷಯ. ಎಷ್ಟು ಮನೆಗಳಲ್ಲಿ ಎಷ್ಟು ಫೀಸು, ಎಷ್ಟು ಬಾಣಂತನ, ಎಷ್ಟು ಡಾಕ್ಟರ ಬಿಲ್ಲು ಹೀಗೆ ಹಿತ್ತಲ ಬಾಗಿಲಿನಿಂದ ಹೋಗಿ ಬಂದಿದೆಯೋ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಒಂದು ಕಥೆಯಾದರೂ ಸಿಕ್ಕೀತು.

ಹಾಗಾದರೆ ಇಂಥ ಪಾತ್ರೆಗಳನ್ನು ನಮ್ಮ ತಾಯಂದಿರು ಏಕೆ ಬಿಟ್ಟರು? ನಾನು ಇದನ್ನು ಅಮ್ಮನ ಮುಂದೆ ಸ್ವಲ್ಪ ಆಕ್ಷೇಪಣೆಯ ದನಿಯಲ್ಲೇ ಕೇಳಿದೆ. ಅಮ್ಮ ಎರಡು ಅಂಗೈಯನ್ನೂ ಮುಂದೆ ಚಾಚಿದಳು.

ಹಿತ್ತಾಳೆ ತಿಕ್ಕಿದವರಿಗೆ ಬೇರೆ ಉತ್ತರ ಬೇಡ. ಸೌದೆ ಒಲೆಯ ಮೇಲಿಟ್ಟ ಪಾತ್ರೆಗೆ ಹೊರಗೆ ಬೆರಳು ದಪ್ಪ ಮಸಿ. ಮಸಿ ಕಚ್ಚದಿರಲೆಂದು ಒಲೆಗಿಡುವ ಮೊದಲೇ ಹೊರಮೈಗೆ ನೀರಿನಲ್ಲಿ ಕಲಸಿದ ಬೂದಿ ಬಳಿಯಬೇಕು. ಆಮೇಲೆ ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ, ತೆಂಗಿನ ನಾರು. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ, ಅದರ ಜೊತೆಗೆ ಬೆರಳ ಸಂದಿಯ ಚರ್ಮವನ್ನೂ ಕರಗಿಸುತ್ತದೆ. ಚಳಿಗಾಲದಲ್ಲಿ ಕೈ ಒಡೆದು ಉರಿ. ತಿಕ್ಕಿ ತೊಳೆದು ಒರೆಸಿಡದಿದ್ದರೆ ಮಾರನೆಯ ದಿನಕ್ಕೆ ಮತ್ತೆ ಕಪ್ಪು. ಅಮ್ಮ ಒಂಬತ್ತನೆಯ ವಯಸ್ಸಿನಿಂದ ತಿಕ್ಕಿದ್ದಾಳೆ. ಮನೆಯ ಗಂಡುಹುಡುಗರು ಯಾರೂ ತಿಕ್ಕಿದ ನೆನಪು ಅವಳಿಗಿಲ್ಲ.

ಕಲಾಯಿಯ ಕಾಟ ಬೇರೆ. ಹಿತ್ತಾಳೆ, ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ತಿಂದವರಿಗೆ ವಾಂತಿ. ಅದಕ್ಕಾಗಿ ಒಳಗೆ ತವರದ ಲೇಪ, ಅದೇ ಕಲಾಯಿ. ನನ್ನ ಬಾಲ್ಯದಲ್ಲಿ ಕಲಾಯಿ ಸಾಬರು ಬಂದರೆ ನಮಗೆ ಹಬ್ಬ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಹೂಡುತ್ತಿದ್ದರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ಬುಸ್ಸೆಂದು ಬಿಳಿ ಹೊಗೆ, ಮೂಗಿಗೆ ಘಾಟು. ತವರದ ಕಡ್ಡಿಯನ್ನು ಮುಟ್ಟಿಸಿದ ಕೂಡಲೇ ಕರಗಿ ನೀರಾಗುತ್ತಿತ್ತು; ತವರ ಕರಗಲು 232 ಡಿಗ್ರಿ ಸಾಕು. ಹತ್ತಿಯ ಉಂಡೆಯಿಂದ ಸರ್ರನೆ ಒಮ್ಮೆ ಒಳಗೆಲ್ಲ ಸವರಿ ನೀರಿಗೆ ಅದ್ದಿದರೆ, ಕಪ್ಪಗಿದ್ದ ಪಾತ್ರೆಯೊಳಗೆ ಬೆಳದಿಂಗಳು! ನಾವು ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದೆವು. ಆದರೆ ಆ ಬೆಳದಿಂಗಳು ಕೆಲವು ತಿಂಗಳಷ್ಟೆ. ಇಟ್ಟಿಗೆ ಪುಡಿಯ ತಿಕ್ಕಾಟಕ್ಕೆ ಸವೆದು ಮತ್ತೆ ಹಳದಿ ಕಾಣುತ್ತಿತ್ತು. ತವರಕ್ಕೆ ಅಗ್ಗದ ಸೀಸ ಬೆರೆಸಿದರಂತೂ ಕಲಾಯಿಯೇ ವಿಷ.

ಇಂಥ ಅಡುಗೆಮನೆಗೆ ಮೊದಲು ಕಾಲಿಟ್ಟದ್ದು ಅಲ್ಯೂಮಿನಿಯಂ. 1886ರಲ್ಲಿ ಅಮೆರಿಕದಲ್ಲಿ ಹಾಲ್, ಫ್ರಾನ್ಸಿನಲ್ಲಿ ಎರೂ, ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ವಿದ್ಯುತ್ತಿನಿಂದ ಈ ಲೋಹ ತೆಗೆಯುವ ವಿಧಾನ ಕಂಡುಹಿಡಿದರು. ಅಲ್ಲಿಯವರೆಗೆ ದುಬಾರಿಯಾಗಿದ್ದ ಲೋಹ ಆಮೇಲೆ ಅಗ್ಗವಾಯಿತು. ನಮ್ಮ ದಕ್ಷಿಣಕ್ಕೆ ಅದರ ಪಾತ್ರೆ ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಇಂಜಿನಿಯರರು ಮುಖ್ಯರು. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರುಮಾಡಿದರು. ಇವರೇ ಮುಂದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದವರು. ಕಲಾಯಿ ಬೇಡದ, ಹಗುರವಾದ, ಬೇಗ ಕಾಯುವ ಪಾತ್ರೆ ಬಡವರಿಗೆ ದೊಡ್ಡ ಅನುಕೂಲವಾಯಿತು. ಹೋಟೆಲು, ಹಾಸ್ಟೆಲು, ಮದುವೆ ಅಡುಗೆಗಳಿಗೆ ಅದೇ ಒದಗಿತು. ಆದರೆ ಹುಳಿಗೆ ಅದೂ ಸವೆಯುತ್ತದೆ, ಬಡಿದರೆ ನೆಗ್ಗುತ್ತದೆ. ನಮ್ಮಜ್ಜಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. "ಕೈಲಿ ಹಿಡಿದ್ರೆ ತೂಕಾನೇ ಇಲ್ಲ, ಅದೂ ಒಂದು ಪಾತ್ರೇನಾ?" ಅನ್ನುತ್ತಿದ್ದಳು. ದನದ ಕಲಗಚ್ಚಿಗೆ ಮಾತ್ರ ಒಂದು ಇತ್ತು.

ತುಕ್ಕು ಹಿಡಿಯದ ಉಕ್ಕಿನ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಹುಡುಕುತ್ತಿದ್ದುದು ಬಂದೂಕಿನ ನಳಿಗೆಗೆ ಬೇಗ ಸವೆಯದ ಉಕ್ಕು. 1913ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲವೆಂದು ಕಂಡ. ಬಂದೂಕಿಗಿಂತ ಊಟದ ಚಾಕುವಿಗೆ ಅದು ಒದಗಿತು. ಗಂಡಸರ ಯುದ್ಧದ ಸಾಮಾನು ಹೆಂಗಸರ ಅಡುಗೆಮನೆಗೆ ಬಂದದ್ದು ಹೀಗೆ! ಅದರಲ್ಲಿರುವ ಕ್ರೋಮಿಯಂ ಗಾಳಿ ತಾಗಿದೊಡನೆ ಕಣ್ಣಿಗೆ ಕಾಣದ ತೆಳುವಾದ ಪೊರೆಯಾಗುತ್ತದೆ, ಗೀರು ಬಿದ್ದರೂ ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹುಣಸೆಗೂ ಜಗ್ಗುವುದಿಲ್ಲ, ಕಲಾಯಿಯೂ ಬೇಡ.

ನಮ್ಮಲ್ಲಿ ಬಹುಕಾಲ ಅದು ದುಬಾರಿ ವಸ್ತುವಾಗಿತ್ತು. ತಗಡು ಹೊರದೇಶದಿಂದ ಬರಬೇಕು, ಆಮದಿಗೆ ನೂರು ಕಟ್ಟುಪಾಡು. ಮನೆಗೊಂದು ಸ್ಟೀಲ್ ಲೋಟವಿದ್ದರೆ ಅದು ನೆಂಟರಿಗೆ ಮೀಸಲು. ತಮಿಳುನಾಡಿನ ಸೇಲಂನಲ್ಲಿ ಸರ್ಕಾರದ ಉಕ್ಕಿನ ಕಾರ್ಖಾನೆ 1981ರಲ್ಲಿ ಸ್ಟೇನ್‌ಲೆಸ್ ತಗಡು ಮಾಡತೊಡಗಿತು. 1988ರಿಂದ ನಮ್ಮ ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆಗಳೂ ಸ್ಟೀಲಿನವೇ ಆದವು. ಅಷ್ಟು ಹೊತ್ತಿಗೆ ಬೀದಿ ಬೀದಿಯಲ್ಲಿ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬರುತ್ತಿದ್ದರು. ಎರಡು ಪ್ಯಾಂಟು, ಒಂದು ಜರಿ ಸೀರೆಗೆ ಒಂದು ಡಬ್ಬಿ. ಚೌಕಾಸಿ ಮಾಡುತ್ತ ಮಧ್ಯಾಹ್ನವೆಲ್ಲ ಜಗಲಿಯಲ್ಲೇ ಕಳೆಯುತ್ತಿತ್ತು.

ನಮ್ಮ ಮನೆಯಲ್ಲಿ ಸ್ಟೀಲಿನ ಕ್ರಾಂತಿ ಆದದ್ದು 1985ರಲ್ಲಿ, ನನಗಾಗ ಆರು ವರ್ಷ. ಅಜ್ಜ ತೀರಿಕೊಂಡಿದ್ದರು, ಅಮ್ಮ ಒಬ್ಬಳೇ ಮಗಳಾದ್ದರಿಂದ ಅಜ್ಜಿ ತನ್ನ ಪಾತ್ರೆಪಡಗದ ಸಮೇತ ನಮ್ಮಲ್ಲೇ ಇದ್ದಳು. ಅಮ್ಮನಿಗೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ ಎಂದೇ ಸಿಕ್ಕ ಕೆಲಸ ಅದು. ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿರಬೇಕು. ಒಂಬತ್ತೂವರೆಯೊಳಗೆ ಹಿತ್ತಾಳೆ ತಿಕ್ಕಿ ಮುಗಿಯುವುದುಂಟೆ? ಒಂದು ದಿನ ಅಜ್ಜಿ ದೇವಸ್ಥಾನಕ್ಕೆ ಹೋದ ಸಮಯ ನೋಡಿ, ಅಮ್ಮ ಬೀದಿಯಲ್ಲಿ ತಕ್ಕಡಿ ಇಟ್ಟುಕೊಂಡು ಬಂದವನಿಗೆ ಮೂರು ಕೊಡ, ನಾಲ್ಕು ತಪ್ಪಲೆ, ಊಟದ ಗಂಗಾಳಗಳನ್ನೆಲ್ಲ ತೂಗಿಬಿಟ್ಟಳು. ಬದಲಿಗೆ ಒಂದು ಡಜನ್ ಸ್ಟೀಲ್ ತಟ್ಟೆ, ಲೋಟಗಳು, ಸಾಲು ಡಬ್ಬಿ, ಎರಡು ಕೊಡ.

ಅಜ್ಜಿ ಬಂದು ಗೂಡುಗಳನ್ನು ನೋಡಿದಳು. ಹೊಳೆಯುವ ಡಬ್ಬಿಗಳಲ್ಲಿ ಅವಳ ಮುಖ ಸಾಲಾಗಿ ಕಾಣುತ್ತಿತ್ತು. "ನಾಳೆ ಕಷ್ಟ ಬಂದ್ರೆ ಈ ತಗಡಿಗೆ ಯಾವ ಸಾಹುಕಾರ ದುಡ್ಡು ಕೊಡ್ತಾನೆ?" ಎಂದಳು. "ತಿಂಗಳು ತಿಂಗಳು ನನಗೆ ಬರತ್ತಲ್ಲಮ್ಮ" ಎಂದಳು ಅಮ್ಮ. ಅಜ್ಜಿ ಮೂರು ದಿನ ಅಡುಗೆಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವಳು ಕೊಳದಪ್ಪಲೆಯನ್ನೂ ಹಂಡೆಯನ್ನೂ ತೆಗೆದು ತನ್ನ ಮಂಚದ ಕೆಳಗಿಟ್ಟುಕೊಂಡಳು. ಅವಳು ಹೋದ ಮೇಲೆ ಅವು ಅಟ್ಟ ಸೇರಿದವು, ತೂಗಿದಾಗ ತಪ್ಪಿಸಿಕೊಂಡಿದ್ದ ಇನ್ನೆರಡು ಕೊಡ, ಪರಾತಗಳ ಜೊತೆಗೆ.

ನೋಡಿ, ಯಾರನ್ನು ತಪ್ಪೆನ್ನುವುದು? ಅಜ್ಜಿ ಹೇಳಿದ್ದು ಲೆಕ್ಕದ ಮಾತು. ಹಿತ್ತಾಳೆ ಎಷ್ಟು ಹಳೆಯದಾದರೂ ತೂಕಕ್ಕೆ ಬೆಲೆಯುಂಟು. ಹಳೇ ಸ್ಟೀಲಿಗೆ ಗುಜರಿಯಲ್ಲಿ ಅದರ ಕಾಲು ಪಾಲೂ ಬಾರದು. ಅಮ್ಮ ಹೇಳಿದ್ದೂ ಲೆಕ್ಕದ ಮಾತೇ. ಕೊಳದಪ್ಪಲೆ ಒತ್ತೆ ಇಟ್ಟು ಓದಿಸಿದ್ದಕ್ಕೇ ಅಮ್ಮನಿಗೆ ಕೆಲಸ ಸಿಕ್ಕಿತು, ಕೆಲಸ ಸಿಕ್ಕಿದ್ದಕ್ಕೇ ಹಿತ್ತಾಳೆ ಮನೆ ಬಿಟ್ಟಿತು. ಅಜ್ಜಿಗೆ ಇದು ಹೊಳೆದಿತ್ತೋ ಇಲ್ಲವೋ, ಕೇಳಲು ಈಗ ಅವಳಿಲ್ಲ.

ಉಳಿದ ಕೆಲಸವನ್ನು ಗ್ಯಾಸೂ ಕುಕ್ಕರೂ ಮುಗಿಸಿದವು. 1965ರಲ್ಲಿ ಶುರುವಾದ ಇಂಡೇನ್ ಸಿಲಿಂಡರು ಸಣ್ಣ ಊರುಗಳಿಗೆ ಬರಲು ಕಾಲ ಹಿಡಿಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾದದ್ದು ನಿಮ್ಮಲ್ಲೂ ಹಲವರಿಗೆ ನೆನಪಿರಬಹುದು. ಮೂರು ಗುಂಡಿನ ಒಲೆಗೆ ಹೇಳಿಮಾಡಿಸಿದ ಗುಂಡುತಳದ ಪಾತ್ರೆ ಗ್ಯಾಸಿನ ಮೇಲೆ ಅತ್ತಿತ್ತ ಓಲಾಡುತ್ತದೆ, ಅದಕ್ಕೆ ಬೇಕಾದ್ದು ಚಪ್ಪಟೆ ತಳ. ಪ್ರೆಷರ್ ಕುಕ್ಕರಿನ ಮೂಲ 1679ರ ಡೆನಿಸ್ ಪಾಪಿನ್ ಎಂಬಾತನದಾದರೂ, ನಮ್ಮ ದೇಶದಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಎರಡೂ ಹೊರಟದ್ದು 1959ರ ಸುಮಾರಿಗೆ. ಆವಿ ಹೊರಗೆ ಹೋಗದಂತೆ ಅದುಮಿಟ್ಟರೆ ನೀರು ನೂರರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ, ಬೇಳೆ ಬೇಗ ಬೇಯುತ್ತದೆ. ಅನ್ನ ಬಸಿಯುವುದು ನಿಂತಿತು. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯುತ್ತಿದ್ದ ರುಚಿ, ಸೀರೆಗೆ ಹಾಕುತ್ತಿದ್ದ ಗಂಜಿ, ಎರಡೂ ಅದರ ಜೊತೆ ಹೋದವು.

ಈಗ ಪೇಟೆಯಲ್ಲಿ ಹಿತ್ತಾಳೆಗೆ ಮತ್ತೆ ಕಾಲ ಬಂದಿದೆ. ಹಾಲ್‌ನಲ್ಲಿ ಹಂಡೆ ಇಟ್ಟು ಹೂವು ತೇಲಿಬಿಡುತ್ತಾರೆ, ಆರೋಗ್ಯಕ್ಕೆ ಒಳ್ಳೆಯದೆಂದು ಹಿತ್ತಾಳೆ ಕಡಾಯಿ ಕೊಳ್ಳುತ್ತಾರೆ. ಕೊಳ್ಳಲಿ, ಬೇಡವೆನ್ನಲಾರೆ. ಆದರೆ ಹಳೆಯ ಕಾಲವೇ ಚೆಂದ ಎನ್ನುವವರು ಯಾರು ತಿಕ್ಕುತ್ತಿದ್ದರು ಎಂಬುದನ್ನೂ ಒಂದು ಮಾತು ಹೇಳಬೇಕು ಎಂದು ನನ್ನ ತಕರಾರು. ಕೊಂಡವರು ಇಷ್ಟು ನೆನಪಿಡಿ: ಒಳಗೆ ಕಲಾಯಿ ಸವೆದು ಹಳದಿಯೋ ಕೆಂಪೋ ಕಂಡರೆ ಹುಣಸೆ, ನಿಂಬೆ, ಟೊಮೇಟೊ, ಮೊಸರು ಯಾವುದನ್ನೂ ಹಾಕಬೇಡಿ. ಕಲಾಯಿ ಇದ್ದರೂ ಮಾಡಿದ ಅಡುಗೆಯನ್ನು ಅದರಲ್ಲೇ ರಾತ್ರಿಯವರೆಗೆ ಬಿಡಬೇಡಿ. ಬರೀ ಪಾತ್ರೆಯನ್ನು ಉರಿಯ ಮೇಲಿಟ್ಟು ಮರೆತರೆ ತವರ ಕರಗಿ ತಳದಲ್ಲಿ ಗುಂಡಾಗುತ್ತದೆ. ಇಂಡಕ್ಷನ್ ಒಲೆಯವರಿಗಂತೂ ಹಿತ್ತಾಳೆ, ತಾಮ್ರ ನಡೆಯುವುದಿಲ್ಲ, ಅದಕ್ಕೆ ಅಯಸ್ಕಾಂತ ಹಿಡಿಯುವ ತಳವೇ ಆಗಬೇಕು.

ಸ್ಟೀಲಿನ ಬಗ್ಗೆಯೂ ಎರಡು ಮಾತು. ತಾಮ್ರ ಶಾಖವನ್ನು ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ತೆಳು ಸ್ಟೀಲಿನಲ್ಲಿ ಪಾಯಸ ತಳ ಹಿಡಿಯುವುದು ನಿಮ್ಮ ಕೈಗುಣದ ದೋಷವಲ್ಲ, ಪಾತ್ರೆಯ ಗುಣ. ದಪ್ಪ ತಳದ್ದು ಕೊಳ್ಳಿ. ತಣ್ಣೀರಿಗೇ ಉಪ್ಪು ಹಾಕಿಟ್ಟರೆ ತಳದಲ್ಲಿ ಚುಕ್ಕಿ ಚುಕ್ಕಿ ಗುಳಿ ಬೀಳುತ್ತವೆ, ನೀರು ಕುದಿದ ಮೇಲೆ ಹಾಕಿ ಕಲಕಿ. ಅಂಗಡಿಯವರು ಅಯಸ್ಕಾಂತ ತೋರಿಸಿ "ನೋಡಿ, ಅಂಟಲಿಲ್ಲ, ಒಳ್ಳೇ ಸ್ಟೀಲು" ಎಂದರೆ ಪೂರ್ತಿ ನಂಬಬೇಡಿ. ನಿಕ್ಕಲ್ ಹೆಚ್ಚಿರುವ ಒಳ್ಳೆಯ 304ಕ್ಕೂ ಅಂಟುವುದಿಲ್ಲ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ್ದಕ್ಕೂ ಅಂಟುವುದಿಲ್ಲ.

ಗುಜರಿಯವರು ಹೇಳಿದ ಹೊತ್ತಿಗೇ ಬಂದರು. ಅಮ್ಮ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ಹಂಡೆ ತೂಗಿತು, ಕೊಡಗಳು ತೂಗಿದವು, ಪರಾತ, ಗುಡಾಣ, ಸೌಟು ತೂಗಿದವು. ತಾಮ್ರ ಬೇರೆ, ಹಿತ್ತಾಳೆ ಬೇರೆ. ಒಟ್ಟು 31 ಕಿಲೋ ಚಿಲ್ಲರೆ. ನನ್ನ ಕಣ್ಣಲ್ಲಿ ನೀರು ಬಂತು, ಅಮ್ಮನ ಕಣ್ಣಲ್ಲಿ ಬರಲಿಲ್ಲ. "ಆ ಹಂಡೆ ಒಲೆಗೆ ನಾನು ಊದಿದ್ದು ಎಷ್ಟು ಅಂತ ನಿನಗೇನು ಗೊತ್ತು?" ಎಂದಳು. ಕೊಳದಪ್ಪಲೆಯ ಸರದಿ ಬಂದಾಗ ಮಾತ್ರ ಕೈ ಅಡ್ಡ ಹಿಡಿದು, "ಅದು ಇವಳಿಗೆ" ಎಂದಳು.

ತಮ್ಮ ದುಡ್ಡು ಎಣಿಸಿ ಜೇಬಿಗೆ ಹಾಕಲು ಹೊರಟ. ಪಾಪ, ಅವನಿಗೂ ಲಾರಿಯವರ ತಾಪತ್ರಯ. ಅಮ್ಮ, "ಇಲ್ಲಿ ಕೊಡಪ್ಪ" ಎಂದಳು. "ಲಾರಿಗಮ್ಮಾ..." ಎಂದ. "ಲಾರಿಗೆ ನೀನು ಕೊಡು. ಇದು ನಮ್ಮಮ್ಮಂದು, ನನಗೆ ಬಂದದ್ದು." ನಾದಿನಿ ಒಳಗೆ ಹೋಗಿ ಅಮ್ಮನ ಕೈಚೀಲ ತಂದು ಕೊಟ್ಟಳು. ನಾನು ನೋಡಿದೆ, ಅವಳ ತುಟಿಯಲ್ಲಿ ಸಣ್ಣ ನಗುವಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಪೋಸ್ಟಾಫೀಸಿಗೆ ಹೋಗಿ ತನ್ನ ಪಾಸ್‌ಬುಕ್ಕಿಗೆ ಕಟ್ಟಿಬಂದಳು.

ಕೊಳದಪ್ಪಲೆ ಈಗ ನಮ್ಮ ಮನೆಯಲ್ಲಿದೆ. ಕಲಾಯಿ ಹಾಕುವವರನ್ನು ಹುಡುಕುವುದೇ ಒಂದು ಕೆಲಸವಾಯಿತು. ಕೊನೆಗೆ ಪಾತ್ರೆ ಅಂಗಡಿಯೊಂದರ ಹಿಂದೆ ವಯಸ್ಸಾದವರೊಬ್ಬರು ಸಿಕ್ಕಿದರು. ತಿದಿಯ ಬದಲು ಕರೆಂಟಿನ ಗಾಳಿಯಂತ್ರ, ನವಸಾಗರದ ಘಾಟು ಮಾತ್ರ ಅದೇ. ಹದಿನೇಳನ್ನು ಉಜ್ಜಿ ತೆಗೆದುಬಿಡಲೇ ಎಂದು ಕೇಳಿದರು, ಬೇಡವೆಂದೆ. ಹೋದ ಭಾನುವಾರ ಅಮ್ಮನನ್ನು ಕರೆಸಿಕೊಂಡು ಅದರಲ್ಲೇ ಬೆಳ್ಳಗೆ ಅನ್ನ ಮಾಡಿ ಗಂಜಿ ಬಸಿದೆ. ಒಂದು ಅಗುಳೂ ತಳ ಹಿಡಿಯಲಿಲ್ಲ. ಮಗಳು ಫೋಟೋ ತೆಗೆದು ಅವಳ ಸ್ನೇಹಿತೆಯರಿಗೆಲ್ಲ ಕಳಿಸಿದಳು, ನಮ್ಮವರು ಎರಡು ಲೋಟ ಗಂಜಿ ಕುಡಿದು ಹೊಟ್ಟೆ ಸವರಿಕೊಂಡರು. ಊಟ ಮುಗಿಸಿ ಎಲ್ಲರೂ ಎದ್ದ ಮೇಲೆ ಬಚ್ಚಲಲ್ಲಿ ಕೊಳದಪ್ಪಲೆ ಕೂತಿತ್ತು. ಅಮ್ಮ ಹುಣಸೆಹಣ್ಣಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋಗಿ ಮಲಗಿದಳು.